ಸಣ್ಣ ಧ್ವನಿಯವರು ಮೊದಲು

ಮನೆಯಲ್ಲೇ ಯಂತ್ರ ಇಟ್ಟುಕೊಂಡು ಗಾಳಿಯಲ್ಲಿ ಮಾತಾಡುವ ಹ್ಯಾಮ್ ರೇಡಿಯೋ ಹುಚ್ಚು ಹಿಡಿದ ನಮ್ಮಂಥವರಲ್ಲಿ ಒಂದು ಪದ್ಧತಿಯಿದೆ. ನಮ್ಮವರು ಯಾರಾದರೂ ತೀರಿಕೊಂಡರೆ ಸತ್ತರು ಎನ್ನುವುದಿಲ್ಲ, ಅವರ ಕೀ ಮೌನವಾಯಿತು ಎನ್ನುತ್ತೇವೆ. ಮೋರ್ಸ್ ಸಂಕೇತ ಕಳಿಸಲು ಬೆರಳಿನಿಂದ ಕಟಕಟ ಎಂದು ಒತ್ತುತ್ತೇವಲ್ಲ, ಆ ಹಿತ್ತಾಳೆಯ ಹಿಡಿಗೆ ಕೀ ಎಂದು ಹೆಸರು. ಹೋದ ತಿಂಗಳು ಜಯನಗರದ ಒಂದು ಕೀ ಮೌನವಾಯಿತು. ಆದರೆ ಆಕೆಯ ವಿಷಯದಲ್ಲಿ ಈ ಮಾತು ನನಗೇಕೋ ಸಾಲದೆನಿಸಿತು. ಅವರ ದೊಡ್ಡತನವೆಲ್ಲ ಇದ್ದದ್ದು ಕಿವಿಯಲ್ಲಿ. ಅಂಥ ಕಿವಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ, ಇನ್ನು ಕಾಣುತ್ತೇನೆಂಬ ಆಸೆಯೂ ಇಲ್ಲ.

ಅವರ ಹೆಸರು ಬರೆಯುವುದಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇನೆ. ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಕಂಟ್ರೋಲಮ್ಮ ಎಂದು. ಎದುರಿಗೂ ಹಾಗೇ ಕರೆಯುತ್ತಿದ್ದೆವು. "ನನಗೆ ಅಪ್ಪ ಅಮ್ಮ ಚೆನ್ನಾಗಿರೋ ಹೆಸರು ಇಟ್ಟಿದ್ರು, ನೀವು ಮಾರಮ್ಮನ ತಂಗಿ ಮಾಡಿದ್ರಿ" ಎಂದು ಗೊಣಗುತ್ತಿದ್ದರು. ಆದರೂ ಕರೆದಾಗ ಓಗೊಡುತ್ತಿದ್ದರು.

ಅವರ ಯಜಮಾನರು ಹಡಗಿನಲ್ಲಿ ರೇಡಿಯೋ ಆಫೀಸರಾಗಿದ್ದವರು. ಹೆಡ್‌ಫೋನಿನ ಗದ್ದಲಕ್ಕೋ ಇಂಜಿನ್ನಿನ ಸದ್ದಿಗೋ ಕಿವಿ ಮಂದವಾಗಿ, ಬೇಗನೆ ಕೆಲಸ ಬಿಟ್ಟು ಜಯನಗರದಲ್ಲಿ ಮನೆ ಮಾಡಿಕೊಂಡರು. ಕಿವಿ ಹೋದರೂ ರೇಡಿಯೋ ಹುಚ್ಚು ಹೋಗಲಿಲ್ಲ. ಸ್ಪೀಕರಿನ ಕಾಗದದ ಮೇಲೆ ಬೆರಳ ತುದಿ ಇಟ್ಟು, ಅದರ ನಡುಕದಲ್ಲೇ ಮೋರ್ಸ್ ಓದುತ್ತಿದ್ದರು. ಮಾತನ್ನು ಹಾಗೆ ಓದಲು ಬರುವುದಿಲ್ಲವಲ್ಲ. ಅದಕ್ಕೆ ಹೆಂಡತಿ ಪಕ್ಕದಲ್ಲಿ ಕುಳಿತು, ರೇಡಿಯೋದಲ್ಲಿ ಬಂದ ಮಾತನ್ನು ಕೇಳಿಸಿಕೊಂಡು, ಗಂಡನ ಮುಖ ನೋಡುತ್ತಾ ನಿಧಾನವಾಗಿ ಬಿಡಿಸಿ ಹೇಳುತ್ತಿದ್ದರು. ಹಾಗೆ ವರ್ಷಗಟ್ಟಲೆ ಇನ್ನೊಬ್ಬರಿಗಾಗಿ ಕೇಳಿಸಿಕೊಂಡು ಆ ಕಿವಿ ಹದವಾಯಿತು. ಧ್ವನಿಯೂ ಹಾಗೇ. ಒಂದಕ್ಷರ ನುಂಗದ, ಕಿರುಚದ, ಗಂಟೆಯಂಥ ಮಾತು. ಆಮೇಲೆ ತಾವೇ ಪರೀಕ್ಷೆ ಕಟ್ಟಿ ಲೈಸೆನ್ಸ್ ತೆಗೆದುಕೊಂಡರು.

ನಾನು ಆಗ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಬನಶಂಕರಿ ಎರಡನೇ ಹಂತದಲ್ಲಿ ಬಾಡಿಗೆ ಮನೆ, ತಾರಸಿಯಿಂದ ಪಕ್ಕದ ಸೈಟಿನ ತೆಂಗಿನ ಮರಕ್ಕೆ ಕಟ್ಟಿದ ತಂತಿಯೇ ಏರಿಯಲ್. ಎಪ್ಪತ್ತರ ದಶಕದ ನಡುಭಾಗ. ಟೆಲಿಫೋನ್ ಬೇಕೆಂದು ಅರ್ಜಿ ಹಾಕಿದವನ ಮಗನಿಗೆ ಮದುವೆಯಾಗುವ ಹೊತ್ತಿಗೆ ಫೋನ್ ಬರುತ್ತಿದ್ದ ಕಾಲ. ನಮಗೆ ಮಾತ್ರ ಬೆಳಿಗ್ಗೆ ಏಳಕ್ಕೆ ರೇಡಿಯೋ ಹಚ್ಚಿದರೆ ಜಯನಗರ, ಶ್ರೀನಗರ, ಗಿರಿನಗರ, ಜೆ.ಪಿ. ನಗರದ ಗೆಳೆಯರೆಲ್ಲ ಒಂದೇ ಜಗಲಿಯಲ್ಲಿ ಕುಳಿತಂತೆ ಸಿಗುತ್ತಿದ್ದರು. ಈ ಬೆಳಗಿನ ಕೂಟಕ್ಕೆ ನೆಟ್ ಎನ್ನುತ್ತಿದ್ದೆವು.

ಜಗಲಿ ಎಂದೆನಲ್ಲ, ಅದು ದೊಡ್ಡ ಮಾತಾಯಿತು. ನಿಜಕ್ಕೂ ಅದೊಂದು ಸಂತೆ. ನಮ್ಮ ಯಂತ್ರಗಳಲ್ಲಿ ಮಾತಾಡಬೇಕಾದರೆ ಮೈಕಿನ ಬಟನ್ ಒತ್ತಬೇಕು, ಕೇಳಬೇಕಾದರೆ ಬಿಡಬೇಕು. ಒಬ್ಬ ಒತ್ತಿರುವಾಗ ಅವನಿಗೆ ಬೇರೆಯವರು ಕೇಳುವುದಿಲ್ಲ. ಇಬ್ಬರು ಒಟ್ಟಿಗೆ ಒತ್ತಿದರೆ ಕಿವಿ ಕೊರೆಯುವ ಸೀಟಿಯೇಳುತ್ತದೆ, ಯಾರ ಯಂತ್ರಕ್ಕೆ ಬಲ ಹೆಚ್ಚೋ ಅವರ ಮಾತು ಗೆಲ್ಲುತ್ತದೆ. ಹಾಗೆ ದಿನವೂ ಗೆಲ್ಲುತ್ತಿದ್ದವರು ಜೆ.ಪಿ. ನಗರದ ಸಾಹೇಬರು. ಕಾರ್ಖಾನೆಯೊಂದರಲ್ಲಿ ಇಂಜಿನಿಯರು, ಕೈಕೆಳಗೆ ಬೇಕಾದಷ್ಟು ಜನ. ಹಳೆಯ ಮಿಲಿಟರಿ ಸಾಮಾನು ಮಾರುವ ಭಾನುವಾರದ ಸಂತೆಯಲ್ಲಿ ಒಮ್ಮೆ ಯಂತ್ರಕ್ಕೆ ಬಲ ಕೊಡುವ ದೊಡ್ಡ ಗಾಜಿನ ವಾಲ್ವ್‌ಗಳ ಒಂದು ಜೋಡಿ ಬಂದಿತ್ತು. ಒಂದನ್ನು ಇವರು ಕೊಂಡರು, ಇನ್ನೊಂದನ್ನು ಕಂಟ್ರೋಲಮ್ಮನ ಯಜಮಾನರು ಕೊಂಡರು. ಅಂಥದ್ದು ಊರಿನಲ್ಲಿ ಮೂರನೆಯದು ಇರಲಿಲ್ಲ. ಸಾಹೇಬರು ಬಟನ್ ಒತ್ತಿದರೆ ನಮ್ಮ ಸ್ಪೀಕರಿನ ಮೇಲಿದ್ದ ಧೂಳು ಕುಣಿಯುತ್ತಿತ್ತು.

ಅವರಿಗೆ ತದ್ವಿರುದ್ಧ ಶ್ರೀನಗರದ ಮೇಷ್ಟ್ರು. ನಿವೃತ್ತ ಶಿಕ್ಷಕರು. ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿದ ಪುಟ್ಟ ಯಂತ್ರ, ಟಾರ್ಚ್ ಬಲ್ಬ್ ಉರಿಸುವಷ್ಟು ಶಕ್ತಿ. ಅವರ ಹೆಂಡತಿಗೆ ಉಬ್ಬಸ. ಮನೆಯಲ್ಲಿ ಇಬ್ಬರೇ, ಫೋನಿಲ್ಲ. ಒಂದು ಬೆಳಿಗ್ಗೆ ಆಕೆಗೆ ಉಸಿರು ಸಿಕ್ಕಿಕೊಂಡಿತು. ಮೇಷ್ಟ್ರು ನೆಟ್ಟಿನಲ್ಲಿ ಸಹಾಯಕ್ಕೆ ಕೂಗಿದರು, ಮತ್ತೆ ಮತ್ತೆ ಕೂಗಿದರು. ಸಾಹೇಬರು ಅಂದು ಏರಿಯಲ್‌ನ ಎತ್ತರದ ಬಗ್ಗೆ ಪ್ರವಚನ ಮಾಡುತ್ತಿದ್ದರು, ಮಿಕ್ಕವರು ನಡುನಡುವೆ ಬಾಯಿ ಹಾಕುತ್ತಿದ್ದರು. ಆ ಗದ್ದಲದಡಿ ಮೇಷ್ಟ್ರ ಧ್ವನಿ ಕೇಳಿದ್ದು ಜಯನಗರದ ಒಂದೇ ಒಂದು ಕಿವಿಗೆ. ಆಕೆ ಬಟನ್ ಒತ್ತಿ ಎಲ್ಲರಿಗೂ ಸುಮ್ಮನಿರಲು ಹೇಳಿದರೆ ಅದೂ ಗದ್ದಲದಲ್ಲಿ ಸೇರಿಹೋಯಿತು. ಕೊನೆಗೆ ಮೈಕ್ ಬಿಸುಟು, ಗಂಡನನ್ನು ಸ್ಕೂಟರಿನಲ್ಲಿ ಶ್ರೀನಗರಕ್ಕೆ ಓಡಿಸಿದರು. ಮೇಷ್ಟ್ರ ಹೆಂಡತಿ ಉಳಿದುಕೊಂಡರು.

ಮುಂದಿನ ಭಾನುವಾರ ನಮ್ಮ ಮನೆಯ ತಾರಸಿಯಲ್ಲಿ ಎಲ್ಲರೂ ಸೇರಿದೆವು. ನೆಟ್ಟಿಗೊಬ್ಬ ಕಂಟ್ರೋಲರ್ ಬೇಕು, ಸಂಬಳ ಸಾರಿಗೆ ಇಲ್ಲದೆ ದಿನವೂ ಕುಳಿತು ಯಾರ ಸರದಿ ಯಾವಾಗ ಎಂದು ಹೇಳುವವರು ಬೇಕು ಎಂದು ಮೇಷ್ಟ್ರು ಎದ್ದುನಿಂತು ಕೇಳಿದರು. ಯಾರು ಎಂದಾಗ ಅವರು ಕೈತೋರಿಸಿದ್ದು ಮೂಲೆಯಲ್ಲಿ ಕುಳಿತು ಕೋಡುಬಳೆ ಮುರಿಯುತ್ತಿದ್ದ ಆಕೆಯ ಕಡೆಗೆ.

ಸಾಹೇಬರು ಒಪ್ಪಲಿಲ್ಲ. "ಗಾಳಿ ಯಾರಪ್ಪನ ಮನೆ ಆಸ್ತೀನೂ ಅಲ್ಲ. ನಾನೂ ಪರೀಕ್ಷೆ ಪಾಸ್ ಮಾಡಿದೀನಿ, ಸರ್ಕಾರ ನನಗೂ ಲೈಸೆನ್ಸ್ ಕೊಟ್ಟಿದೆ. ನನ್ನ ಮನೇಲಿ ಕೂತು ನಾನು ಬಾಯಿ ಬಿಡೋಕೆ ಇನ್ನೊಬ್ರ ಅಪ್ಪಣೆ ಯಾಕ್ರೀ ಬೇಕು? ಮೇಷ್ಟ್ರ ಮನೇಲಿ ಆಗಿದ್ದಕ್ಕೆ ನನಗೂ ಬೇಜಾರಿದೆ. ಆದ್ರೆ ಇವತ್ತು ಸರದಿ ಹೇಳ್ತೀನಿ ಅಂತ ಬರೋರು ನಾಳೆ ಏನು ಮಾತಾಡ್ಬೇಕು ಅಂತಾನೂ ಹೇಳ್ತಾರೆ. ಬಿಟ್ಟಿ ಕೆಲಸಕ್ಕೆ ಮುಂದೆ ಬರೋರಿಗೆ ದರ್ಬಾರಿನ ಚಟ ಇರುತ್ತೆ, ನೋಡಿದೀನಿ."

ಆ ಮಾತಿನಲ್ಲಿ ಹುರುಳಿಲ್ಲದಿರಲಿಲ್ಲ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದರು: "ಅವರು ಹೇಳಿದ್ದು ಸರಿಯಾಗಿದೆ. ನನ್ನ ಹತ್ರ ಏನಿದೆ? ಬೆತ್ತ ಇಲ್ಲ, ನಿಮ್ಮನೆ ಫ್ಯೂಸ್ ಕೀಳೋಕಾಗಲ್ಲ. ನೀವು ಕೇಳಿದ್ರೆ ನಾನು ಕಂಟ್ರೋಲು, ಕೇಳದಿದ್ರೆ ನಾನೂ ಕಿರಿಚೋರಲ್ಲಿ ಇನ್ನೊಬ್ಳು. ಒಂದು ತಿಂಗಳು ಮಾಡ್ತೀನಿ. ಆಮೇಲೆ ಇಲ್ಲೇ ಸೇರಿ. ಎಲ್ರೂ ಹೂಂ ಅಂದ್ರೆ ಮುಂದಕ್ಕೆ. ಒಬ್ರು ಊಹೂಂ ಅಂದ್ರೂ ಬಿಟ್ಬಿಡ್ತೀನಿ."

"ಒಬ್ರು ಅಂದ್ರೂನಾ?" ಎಂದು ಸಾಹೇಬರು ಮೀಸೆಯಡಿ ನಕ್ಕರು. ಆ ಒಬ್ಬರು ಯಾರೆಂದು ಎಲ್ಲರಿಗೂ ಗೊತ್ತಾಯಿತು. ಮೇಷ್ಟ್ರ ಮುಖ ಸಪ್ಪಗಾಯಿತು. ನಮಗೆ ನೆಟ್ ಎನ್ನುವುದು ಬೆಳಗಿನ ಹರಟೆ, ಅವರಿಗೆ ಮಾತ್ರ ಅದು ಹೆಂಡತಿಯ ಉಸಿರು.

ಆ ಒಂದು ತಿಂಗಳನ್ನು ನೆನೆದರೆ ಈಗಲೂ ನನಗೆ ಸೋಜಿಗ. ಮೊದಲ ದಿನವೇ ಅವರು ಮಾಡಿದ ನಿಯಮ ಒಂದೇ: "ಸಣ್ಣ ಧ್ವನಿಯವರು ಮೊದಲು." ಯಾರದು ಅತಿ ಕ್ಷೀಣವೋ ಅವರ ಸರದಿ ಮೊದಲು, ಬಲಶಾಲಿಗಳದು ಕೊನೆಗೆ. ಸಾಹೇಬರು ರೇಗಿದರೆ, "ನೀವು ನಿಧಾನಕ್ಕೆ ಬನ್ನಿ ಸಾರ್. ನಿಮ್ಮ ಮಾತು ನಮ್ಮ ರೇಡಿಯೋ ಆಫ್ ಮಾಡಿದ್ರೂ ಕೇಳುತ್ತೆ" ಎಂದರು. ಸಾಹೇಬರಿಗೂ ನಗು ಬಂತೆಂದು ಕಾಣುತ್ತದೆ, ಬಟನ್ ಒತ್ತಿ ಏನೂ ಮಾತಾಡದೆ ಬಿಟ್ಟರು.

ಒಬ್ಬರು ಮಾತು ಮುಗಿಸಿದ ಕೂಡಲೇ ಇನ್ನೊಬ್ಬರು ಒತ್ತಬಾರದು, ನಡುವೆ ಒಂದು ಉಸಿರು ಬಿಡಬೇಕು ಎಂದು ಕಲಿಸಿದರು. ನಾನು ಆತುರಪಟ್ಟರೆ, "ಬನಶಂಕರಿ, ಉಸಿರು ಬಿಟ್ರಾ?" ಎಂದು ಕೇಳುತ್ತಿದ್ದರು. ಆ ಉಸಿರಿನ ಬಿಡುವಿನಲ್ಲಿ ಅವರು ಕಣ್ಣು ಮುಚ್ಚಿ, ಮುಡಿದ ಮಲ್ಲಿಗೆಯ ಮೇಲೇ ಹೆಡ್‌ಫೋನನ್ನು ಒತ್ತಿಕೊಂಡು ಕೇಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆಗ ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ ಏಳುತ್ತಿರಲಿಲ್ಲ. "ಅಲ್ಲಿ ಯಾರೋ ಇದಾರೆ, ತಡೀರಿ" ಎನ್ನುತ್ತಿದ್ದರು. ನಮಗೆ ಬರೀ ಕೊರಕೊರ. ಸ್ವಲ್ಪ ಹೊತ್ತಿಗೆ ನಿಜಕ್ಕೂ ಅಲ್ಲೊಬ್ಬರು ಇರುತ್ತಿದ್ದರು. ನಾವು ಎಂದೂ ಕೇಳದಿದ್ದ ಧ್ವನಿಗಳು ಬರತೊಡಗಿದವು. ಗಿರಿನಗರದಲ್ಲೊಬ್ಬ ಸಂಕೋಚದ ಮನುಷ್ಯ ನಮ್ಮನ್ನು ವರ್ಷದಿಂದ ಕೇಳುತ್ತಿದ್ದನಂತೆ, ನುಗ್ಗಲು ಧೈರ್ಯವಾಗಿರಲಿಲ್ಲವಂತೆ.

ಕಂಟ್ರೋಲಿಗೆ ಕುಳಿತಾಗ ತಮ್ಮ ಅಭಿಪ್ರಾಯ ಮಾತ್ರ ಹೇಳುತ್ತಿರಲಿಲ್ಲ. ಏರಿಯಲ್ ಬಗೆಗಿನ ಜಗಳ ಎಷ್ಟೇ ಕಾವೇರಲಿ, ತಮಗೆ ಉತ್ತರ ಗೊತ್ತಿರಲಿ, ಬಾಯಿ ಬಿಡರು. ಒಮ್ಮೆ ಕೇಳಿದೆ. "ಹಂಚೋರು ಉಣ್ಬಾರ್ದು ಕಣ್ರೀ" ಎಂದರು. ಇನ್ನೊಂದು ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು: "ದೇವ್ರು ಈ ಯಂತ್ರದಷ್ಟು ಬುದ್ಧಿವಂತ ಅಲ್ಲ. ಅವನು ಬಾಯಿಗೆ ಬಟನ್ ಇಡೋದು ಮರೆತ."

ತಿಂಗಳು ಮುಗಿಯುತ್ತಾ ಬಂದಿತ್ತು. ಒಂದು ಗುರುವಾರ ಕಾಲೇಜಿಗೆ ಹೋಗುವ ದಾರಿಯಲ್ಲಿ, ಅವರಿಂದ ತಂದಿದ್ದ ಬೆಸುಗೆ ಕಡ್ಡಿಯನ್ನು ಹಿಂದಿರುಗಿಸಲು ಅವರ ಮನೆಗೆ ಹೋಗಿದ್ದೆ. ನೆಟ್ ಆಗತಾನೆ ಮುಗಿದಿತ್ತು. ಸಾಹೇಬರು ಕೊನೆಯ ಮಾತಾಡಿ ವಂದನೆ ಹೇಳಿದ್ದರು. ಆಕೆ ಹೆಡ್‌ಫೋನ್ ತೆಗೆದು ಸದ್ದನ್ನು ಸ್ಪೀಕರಿಗೆ ತಿರುಗಿಸಿ ನನಗೆ ಕಾಫಿ ತರಲು ಎದ್ದರು. ಆಗ ಸ್ಪೀಕರಿನಲ್ಲಿ ಯಾರೋ ವಯಸ್ಸಾದವರ ಧ್ವನಿ ಕೇಳಿಸಿತು.

"ಟ್ಯಾಂಕ್ ತೊಳ್ಸು ಅಂತ ಹೇಳಿ ಎಷ್ಟು ದಿನ ಆಯ್ತೋ? ನಿನ್ನ ಕೈಕೆಳಗೆ ಅಷ್ಟು ಜನ ಹೆಂಗೆ ಕೆಲಸ ಮಾಡ್ತಾರೋ ಕಾಣೆ. ಹುಟ್ಟಿದಾಗ್ಲಿಂದ ದಂಡಪಿಂಡ!"

"ಇವತ್ತು ತೊಳಸ್ತೀನಪ್ಪ. ತಪ್ಪಾಯ್ತಪ್ಪ."

ಈ ಎರಡನೆಯ ಧ್ವನಿ ಸಾಹೇಬರದು! ನನಗೆ ಒಂದು ಕ್ಷಣದಲ್ಲಿ ಅರ್ಥವಾಯಿತು. ಮೈಕನ್ನು ಮೇಜಿನ ಮೇಲಿಟ್ಟಿದ್ದಾರೆ, ಬಟನ್ ಸಿಕ್ಕಿಹಾಕಿಕೊಂಡಿದೆ. ಅವರ ಮನೆಯ ಮಾತೆಲ್ಲ ಊರಿಗೇ ಪ್ರಸಾರವಾಗುತ್ತಿದೆ. ಬಟನ್ ಒತ್ತಿರುವಷ್ಟು ಹೊತ್ತು ಅವರಿಗೆ ನಮ್ಮ ಮಾತು ಕೇಳದು, ರೇಡಿಯೋದಲ್ಲಿ ಎಚ್ಚರಿಸುವ ದಾರಿಯಿಲ್ಲ. ಹ್ಯಾಮ್‌ಗಳು ಸ್ವಪ್ನದಲ್ಲೂ ಹೆದರುವ ತಪ್ಪು ಇದು. ನನಗೆ ನಗು ತಡೆಯಲಾಗಲಿಲ್ಲ. ನಮ್ಮೆಲ್ಲರ ಧೂಳು ಕುಣಿಸುವ ಸಿಂಹ ಮನೆಯಲ್ಲಿ ಕಿವಿ ಹಿಂಡಿಸಿಕೊಳ್ಳುತ್ತಿದೆ!

"ಒಂದಿನಾನಾದ್ರೂ ನನ್ನ ಮಾತು ಪೂರ್ತಿ ಕೇಳಪ್ಪ..." ಎಂದು ಸಾಹೇಬರ ಧ್ವನಿ ಮತ್ತೆ ಬಂತು. ಅದರಲ್ಲಿ ಅಳು ಬೆರೆತಿತ್ತು. ನನ್ನ ನಗು ಅಲ್ಲೇ ನಿಂತಿತು.

ಆಕೆ ಬಂದು ಸ್ಪೀಕರಿನ ಸದ್ದು ಅಡಗಿಸಿದರು. "ಕೇಳ್ಬೇಡಿ" ಎಂದರು. ಆಮೇಲೆ ಅವರು ಮಾಡಿದ ಕೆಲಸವನ್ನು ಬೇರೆ ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ. ಟ್ರಾನ್ಸ್‌ಮಿಟರನ್ನು ಸಾಹೇಬರ ಧ್ವನಿ ಬರುತ್ತಿದ್ದ ತರಂಗಾಂತರಕ್ಕೇ ತಿರುಗಿಸಿ, ವಾಲ್ವಿಗೆ ಕೊಡಬಾರದಷ್ಟು ಕರೆಂಟು ಕೊಟ್ಟು, ಮೋರ್ಸ್ ಕೀಯನ್ನು ಒತ್ತಿ ಹಿಡಿದರು. ಬಿಡಲಿಲ್ಲ. ಇನ್ನೊಬ್ಬರ ಮಾತಿನ ಮೇಲೆ ಬೇಕೆಂದೇ ಸೀಟಿ ಹಾಕುವುದಕ್ಕಿಂತ ದೊಡ್ಡ ಪಾಪ ನಮ್ಮಲ್ಲಿಲ್ಲ. ಅದಕ್ಕಾಗಿ ಲೈಸೆನ್ಸೇ ಹೋಗಬಹುದು. ತಿಂಗಳಿಡೀ ಒಂದು ಉಸಿರು ಬಿಡಿ ಎಂದು ನಮಗೆ ಕಲಿಸಿದವರು ಈಗ ಉಸಿರೇ ಬಿಡದೆ ಸೀಟಿ ಹಾಕುತ್ತಿದ್ದರು. ಸೌತ್ ಬೆಂಗಳೂರಿನ ಯಾವ ರೇಡಿಯೋದಲ್ಲೂ ಇನ್ನು ಅಪ್ಪ ಮಗನ ಮಾತು ಕೇಳುವಂತಿರಲಿಲ್ಲ.

"ನಿಂತು ನೋಡ್ತೀರೇನ್ರೀ? ಹೋಗಿ ಬಾಗಿಲು ತಟ್ಟಿ. ಬಟನ್ ಸಿಕ್ಕೊಂಡಿದೆ ಅಂತ ಅಷ್ಟೇ ಹೇಳಿ. ಇಲ್ಲಿ ಕೇಳಿದ್ದು ಇಲ್ಲೇ ಸಾಯ್ಬೇಕು."

ವಾಲ್ವ್ ಆಗಲೇ ಕೆಂಡದಂತಾಗಿತ್ತು. ಯಜಮಾನರು ಅದನ್ನು ನೋಡಿ, "ಹೋಗುತ್ತೆ ಕಣೇ" ಎಂದರು. ಆಕೆ ಅವರ ಮುಖಕ್ಕೆ ತಿರುಗಿ ಬಿಡಿಸಿ ಹೇಳಿದರು: "ಹೋಗ್ಲಿ ಬಿಡಿ."

ಸ್ಕೂಟರನ್ನು ಹೇಗೆ ಓಡಿಸಿದೆನೋ ಕಾಣೆ. ಜೆ.ಪಿ. ನಗರದಲ್ಲಿ ಆಗ ಮನೆಗಿಂತ ಖಾಲಿ ಸೈಟುಗಳೇ ಹೆಚ್ಚು, ದೂರದಿಂದಲೇ ಸಾಹೇಬರ ಏರಿಯಲ್ ಕಾಣುತ್ತಿತ್ತು. ವರಾಂಡದ ಆರಾಮ ಕುರ್ಚಿಯಲ್ಲಿ ಅವರ ತಂದೆ ಇನ್ನೂ ಗುಡುಗುತ್ತಲೇ ಇದ್ದರು. ಸಾಹೇಬರು ಹೊರಗೆ ಬಂದರು. ನಾನು ಹೇಳಬೇಕಾದಷ್ಟನ್ನೇ ಹೇಳಿದೆ. ಅವರು ಒಳಗೆ ಓಡಿದರು, ಬಟನ್ ಮೇಲೆ ಒರಗಿದ್ದಿರಬೇಕು, ದಪ್ಪ ಪುಸ್ತಕವೊಂದು ಧೊಪ್ಪೆಂದು ಬಿದ್ದ ಸದ್ದಾಯಿತು. ಮತ್ತೆ ಬಾಗಿಲಿಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಏನು ಕೇಳಿಸಿತು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ವಾಸಿಯಾಗಿತ್ತು.

ಭಾನುವಾರ ಮತ್ತೆ ನಮ್ಮ ತಾರಸಿ. ವಾಲ್ವ್ ಹೋದ ಮೇಲೆ ಎರಡು ದಿನ ನೆಟ್ ನಡೆದಿರಲಿಲ್ಲ. ಸಾಹೇಬರು ಎಲ್ಲರಿಗಿಂತ ಹಿಂದೆ, ನೀರಿನ ತೊಟ್ಟಿಯ ಪಕ್ಕದಲ್ಲಿ ನಿಂತರು. ಯಾರಾದರೂ ನಕ್ಕರೆ ಸಾಕು, ಅವರ ಕಣ್ಣು ಅತ್ತ ಹೋಗುತ್ತಿತ್ತು. ತಮ್ಮನ್ನೇ ನೋಡಿ ನಗುತ್ತಿದ್ದಾರೆ ಎಂದುಕೊಂಡಿದ್ದರು, ಪಾಪ. ಅಂಥ ಮೈಕಟ್ಟಿನ ಮನುಷ್ಯ ಅಷ್ಟು ಸಣ್ಣಗಾದದ್ದನ್ನು ನಾನು ನೋಡಲಾರದೆ ಹೋದೆ.

ಒಬ್ಬೊಬ್ಬರಾಗಿ ಹೂಂ ಎನ್ನುತ್ತಾ ಬಂದರು. ಮೇಷ್ಟ್ರು ಎರಡು ಸಲ ಎಂದರು. ಗಿರಿನಗರದ ಸಂಕೋಚದ ಮನುಷ್ಯ ಮಾತ್ರ, "ಹೂಂ, ಆದ್ರೆ ಗುರುವಾರ ನೆಟ್ ಮುಗಿದ್ಮೇಲೆ ಯಾವನೋ ಅಯೋಗ್ಯ ಉದ್ದಕ್ಕೂ ಸೀಟಿ ಹಾಕಿದ. ತಲೆನೋವು ಬಂದು ರೇಡಿಯೋ ಆರಿಸ್ಬಿಟ್ಟೆ. ಅದು ಯಾರು ಅಂತ ಪತ್ತೆ ಆಗ್ಬೇಕು" ಎಂದ.

"ನೆಟ್ ಮುಗೀತು ಅಂತ ಎದ್ದು ಹೋಗಿದ್ದೆ, ಸೀಟಿ ಕೇಳಿ ಬಂದು ನಾನೂ ಆರಿಸ್ದೆ" ಎಂದರು ಮೇಷ್ಟ್ರು. "ಸೀಟಿ ಬಿಟ್ರೆ ಇನ್ನೇನೂ ಕೇಳ್ತಿರಲಿಲ್ಲ." ಎಲ್ಲರದೂ ಅದೇ ದೂರು.

ತೊಟ್ಟಿಯ ಪಕ್ಕದಿಂದ ಸಾಹೇಬರು ಮೆಲ್ಲಗೆ ಕೇಳಿದರು: "ಇನ್ನೇನೂ ಕೇಳಿಸ್ಲಿಲ್ವಾ?"

"ಎಲ್ಲಿಂದ ಸಾರ್, ಬರೀ ಸೀಟಿ!"

ಆಕೆ ಎದ್ದುನಿಂತರು. "ಪತ್ತೆ ಮಾಡೋದೇನೂ ಬೇಡ. ಸೀಟಿ ಹಾಕಿದ್ದು ನಾನೇ. ಕೈ ತಪ್ಪಿ ಅಲ್ಲ, ಬೇಕು ಅಂತಾನೇ. ಯಾಕೆ ಅಂತ ಕೇಳ್ಬೇಡಿ, ಹೇಳಲ್ಲ. ಇದು ತಿಳೀದೆ ಹೂಂ ಅಂದೋರು ವಾಪಸ್ ತಗೋಬಹುದು. ಕಂಟ್ರೋಲಿಗೆ ಬೇರೆಯವರನ್ನ ನೋಡ್ಕೊಳಿ."

ತಾರಸಿಯ ಮೇಲೆ ಗೊಣಗಾಟ ಶುರುವಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನೇನು ಗತಿ ಎಂದು ಯಾರೋ ಅಂದೇಬಿಟ್ಟರು. ಮೇಷ್ಟ್ರು ನಂಬಲಾರದೆ ಆಕೆಯನ್ನೇ ನೋಡುತ್ತಿದ್ದರು. ನನ್ನ ನಾಲಿಗೆಯ ತುದಿಯಲ್ಲಿ ಎಲ್ಲವೂ ಇತ್ತು. ಆಕೆ ನನ್ನ ಕಡೆ ಒಂದು ನೋಟ ಬೀರಿದರು, ನುಂಗಿಕೊಂಡೆ. ಒಂದು ಮಾತು ಹೇಳಿದ್ದರೆ ಅವರ ಮಾನ ಉಳಿಯುತ್ತಿತ್ತು, ಆದರೆ ಆ ಒಂದು ಮಾತು ಇನ್ನೊಬ್ಬರ ಮಾನ. ಅದನ್ನು ತಾವಾಗಿ ಹೇಳುವವರಲ್ಲ ಆಕೆ. ಅಂದು ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು, ಉತ್ಪ್ರೇಕ್ಷೆಯ ಮಾತಲ್ಲ.

ಸಾಹೇಬರು ಮುಂದೆ ಬಂದರು. "ಎಷ್ಟೊತ್ತು ಕೀ ಒತ್ತಿದ್ರಿ?" ಎಂದು ಕೇಳಿದರು.

"ವಾಲ್ವ್ ಸುಡೋ ತನಕ."

"ಆ ದೊಡ್ಡ ವಾಲ್ವಾ?"

"ಹೂಂ."

ಸಾಹೇಬರು ಎಲ್ಲರಿಗೂ ಕೇಳುವಂತೆ, "ನಂದು ಹೂಂ" ಎಂದು ಹೇಳಿ ಮೆಟ್ಟಿಲಿಳಿದು ಹೊರಟುಹೋದರು. ಊಹೂಂ ಎನ್ನಬೇಕಾದವರೇ ಹೂಂ ಎಂದ ಮೇಲೆ ಮಿಕ್ಕವರಿಗೆ ಗೊಣಗಲು ಏನೂ ಉಳಿಯಲಿಲ್ಲ. ಅವರಿಗೆ ಅದರ ತಲೆಬುಡ ತಿಳಿಯಲಿಲ್ಲ, ಇಂದಿನವರೆಗೂ ತಿಳಿದಿಲ್ಲ.

ಹೋದ ತಿಂಗಳು ಆಕೆಯ ಮನೆಯಂಗಳದಲ್ಲಿ ಸಾಹೇಬರು ಸಿಕ್ಕಿದರು. ತಲೆ ನರೆತಿದೆ, ತಂದೆ ತೀರಿಕೊಂಡು ಎಷ್ಟೋ ಕಾಲವಾಗಿದೆ. "ಅವರ ಬಗ್ಗೆ ಬರೀರಿ. ಸೀಟಿ ವಿಷ್ಯಾನೂ ಬರೀರಿ, ಅವರಿಗೆ ಬಂದ ಕೆಟ್ಟ ಹೆಸರು ಹೋಗ್ಲಿ. ಹೆಸರು ಮಾತ್ರ ಯಾರ್ದೂ ಬೇಡ, ಅವರು ಬೈತಾರೆ" ಎಂದರು. ಸತ್ತವರು ಬೈಯುತ್ತಾರೆಂದು ಇಬ್ಬರೂ ನಂಬಿಕೊಂಡೇ ಮಾತಾಡುತ್ತಿದ್ದೆವು. ಅದಕ್ಕೇ ಇಲ್ಲಿ ಹೆಸರುಗಳಿಲ್ಲ.

ಹೇಳಬೇಕಾದದ್ದು ಇನ್ನೊಂದಿದೆ. ಆ ಭಾನುವಾರದ ಮಾರನೆಯ ಬೆಳಿಗ್ಗೆ ನಾನು ರೇಡಿಯೋ ಹಚ್ಚಿದ್ದು ಅಭ್ಯಾಸಬಲದಿಂದ. ಕಂಟ್ರೋಲಮ್ಮನ ವಾಲ್ವ್ ಸುಟ್ಟಿದೆ, ಅಂಥದ್ದು ಇನ್ನೆಲ್ಲೂ ಸಿಗುವುದಿಲ್ಲ, ನೆಟ್ ಹೇಗೆ ನಡೆದೀತು ಎಂದುಕೊಂಡಿದ್ದೆ. ಏಳು ಗಂಟೆಗೆ ಸರಿಯಾಗಿ ಆ ಗಂಟೆಯಂಥ ಧ್ವನಿ ಎಂದಿನಂತೆಯೇ ಬಂತು.

"ಎಲ್ರಿಗೂ ನಮಸ್ಕಾರ. ಸಣ್ಣ ಧ್ವನಿಯವರು ಮೊದಲು."

ಒಂದು ಉಸಿರಿನ ಬಿಡುವು. ಶ್ರೀನಗರದ ಮೇಷ್ಟ್ರು ಕ್ಷೀಣವಾಗಿ ಕೂಗಿದರು.

"ಮೇಷ್ಟ್ರೇ, ಒಂಚೂರು ತಡೀರಿ. ನಿಮ್ಮ ಕೆಳಗೆ ಇನ್ನೊಬ್ರು ಇದಾರೆ."

ಮೇಷ್ಟ್ರಿಗಿಂತ ಸಣ್ಣ ಧ್ವನಿ ಯಾರದಪ್ಪಾ ಎಂದು ನಾನು ಹೆಡ್‌ಫೋನನ್ನು ಎರಡೂ ಕೈಯಲ್ಲಿ ಒತ್ತಿಕೊಂಡೆ. ಕೊರಕೊರದ ಆಳದಲ್ಲಿ, ಪಾತಾಳದಲ್ಲಿ ಎಂಬಂತೆ, ಯಾರೋ ಮಾತಾಡುತ್ತಿದ್ದರು.

"ಜೆ.ಪಿ. ನಗರ... ದೊಡ್ಡ ವಾಲ್ವ್ ಕಿತ್ತಿದೀನಿ... ಪುಟ್ಟ ಸೆಟ್ಟಲ್ಲಿ ಬರ್ತಿದೀನಿ... ಕಂಟ್ರೋಲ್, ನಾನು ಮಾತಾಡ್ಬಹುದಾ?"

"ಮಾತಾಡಿ ಸಾರ್" ಎಂದರು ಆಕೆ. "ಎಲ್ರೂ ಕೇಳ್ತಾ ಇದೀವಿ."